ಡೇಲ್‌ನ ಮೊಹರು, ಲೋರ್ನಾಳ ಲೆಕ್ಕ

ಸುಪೀರಿಯರ್ ಸರೋವರದ ದಕ್ಷಿಣ ದಂಡೆಯ ಕಾಡುಗಳಲ್ಲಿ ಹಿಮಬಂಡಿ ಓಡಿಸುವವರು ದಾಟುವ ಸಣ್ಣ ಸೇತುವೆಗಳಿವೆ. ಅವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಲೆಕ್ಕ ಹಾಕಿ ನಕ್ಷೆ ಬರೆದವಳು ಲೋರ್ನಾ ಕಿವೆಲಾ. ಆದರೆ ಆ ನಕ್ಷೆಗಳಲ್ಲಿ ಒಂದರ ಮೇಲೂ ಅವಳ ಹೆಸರಿರಲಿಲ್ಲ. ಮೂಲೆಯ ದುಂಡನೆಯ ಮೊಹರಿನೊಳಗೆ ಇದ್ದದ್ದು ಅವಳ ಮೈದುನ ಡೇಲ್‌ನ ಹೆಸರು.

ಕಾನೂನು ಹಾಗಿತ್ತು. ಜನ ಓಡಾಡುವ ಸೇತುವೆಯ ನಕ್ಷೆಗೆ ಪರವಾನಗಿ ಪಡೆದ ಎಂಜಿನಿಯರೇ ಮೊಹರು ಒತ್ತಿ ಸಹಿ ಹಾಕಬೇಕು. ಕಿವೆಲಾ ಮನೆತನದ ಪುಟ್ಟ ಕಂಪನಿಯಲ್ಲಿ ಪರವಾನಗಿ ಇದ್ದದ್ದು ಡೇಲ್ ಒಬ್ಬನಿಗೇ. ಅವನಿಗೆ ಕಬ್ಬಿಣ ಬೆಸೆಯುವವರ ಜೊತೆ ನಿಂತು ಕೆಲಸ ಮಾಡಿಸುವುದೆಂದರೆ ಇಷ್ಟ, ಗಿರಾಕಿಗಳನ್ನು ಮೀನು ಹಿಡಿಯಲು ಕರೆದೊಯ್ಯುವುದೆಂದರೆ ಇನ್ನೂ ಇಷ್ಟ. ಕಾಗದ ಕಂಡರೆ ಮಾತ್ರ ತಲೆನೋವು. ಭಾನುವಾರ ಅಮ್ಮ ಸೈಮಿಯ ಮನೆಯಲ್ಲಿ ಊಟ ಮುಗಿದು ಕಾಫಿ ಬರುವಷ್ಟರಲ್ಲಿ, ಲೋರ್ನಾ ತಂದ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಟಪ್ ಟಪ್ ಎಂದು ಒತ್ತಿಬಿಡುತ್ತಿದ್ದ.

"ಒಂದ್ಸಲ ಓದಾದ್ರೂ ನೋಡೋ," ಅನ್ನುತ್ತಿದ್ದಳು ಲೋರ್ನಾ.

"ನೀನು ಮಾಡಿದ್ದೀಯಲ್ಲ, ಇನ್ನೇನು ನೋಡೋದು? ನಿನ್ನ ಲೆಕ್ಕದಲ್ಲಿ ನಾನ್ಯಾವತ್ತು ತಪ್ಪು ಕಂಡಿದೀನಿ ಹೇಳು."

"ನೋಡಿದ್ರೆ ತಾನೆ ಕಾಣೋದು."

ಗಂಡ ವೇಯ್ನ್ ಕಿಸಕ್ಕನೆ ನಗುತ್ತಿದ್ದ. ಅತ್ತೆ ಸೈಮಿ ಮಾತ್ರ ಏಲಕ್ಕಿ ಬ್ರೆಡ್ಡು ಕತ್ತರಿಸುತ್ತ, "ಪಾದ್ರಿಗಳು ನಿನ್ನೆ ಕಾಡಿಗೆ ಹೋಗಿದ್ರಂತೆ. ನಮ್ಮ ಡೇಲ್ ಕಟ್ಟಿದ ಸೇತುವೆ ಎಷ್ಟು ಗಟ್ಟಿಯಾಗಿದೆ ಅಂತ ಹೊಗಳಿದ್ರು," ಎಂದು ಹೇಳಿ ಮಗನ ತಟ್ಟೆಗೆ ದೊಡ್ಡ ತುಂಡು ಹಾಕುತ್ತಿದ್ದಳು. ಲೋರ್ನಾ ತನ್ನ ಪಾಲಿನ ಬ್ರೆಡ್ಡನ್ನು ಗಂಡನ ತಟ್ಟೆಗೆ ದಾಟಿಸುತ್ತಿದ್ದಳು.

ಇದರಲ್ಲಿ ಇನ್ನೊಂದು ಉರಿಯಿತ್ತು. ಇಬ್ಬರೂ ಓದಿದ್ದು ಒಂದೇ ಕಾಲೇಜು. ಅವೇ ಮೇಷ್ಟ್ರುಗಳು, ಅದೇ ತಣ್ಣನೆಯ ಕೊಠಡಿ, ಬಹುಮಟ್ಟಿಗೆ ಅವೇ ಪುಸ್ತಕಗಳು. ಡೇಲ್ ತನ್ನ ಮೊದಲ ವರ್ಷದಲ್ಲಿ ಅತ್ತಿಗೆಯ ಹಳೆಯ ನೋಟ್ಸನ್ನೇ ಓದಿ ಪಾಸಾದವನು. ಆದರೆ ಆ ಕಾಲೇಜಿನ ಎಂಜಿನಿಯರಿಂಗ್ ಪದವಿಗೆ ಮಾನ್ಯತೆ ಸಿಕ್ಕಿದ್ದು ಲೋರ್ನಾ ಮುಗಿಸಿ ಹೊರಬಿದ್ದ ಮೇಲೆ, ಡೇಲ್ ಇನ್ನೂ ಒಳಗಿರುವಾಗ. ಅವನ ಪದವಿ ಎಂಜಿನಿಯರಿಂಗ್ ಪದವಿ ಅನ್ನಿಸಿಕೊಂಡಿತು, ಅವಳದ್ದು ಬರೀ ಪದವಿಯಾಗಿ ಉಳಿಯಿತು. ಆಗ ಅವಳ ಮಕ್ಕಳು ಸಣ್ಣವು, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ನಲವತ್ತು ದಾಟಿ, ಮಕ್ಕಳು ಅವರವರ ದಾರಿ ಹಿಡಿದ ಮೇಲೆ ಒಂದು ದಿನ ರಾಜಧಾನಿಯ ಪರವಾನಗಿ ಮಂಡಳಿಗೆ ಫೋನು ಮಾಡಿದಳು.

ಫೋನೆತ್ತಿದ ಗುಮಾಸ್ತನ ದನಿಯಲ್ಲಿ ಸೌಜನ್ಯಕ್ಕೇನೂ ಕೊರತೆಯಿರಲಿಲ್ಲ. "ನಿಮ್ಮ ಪದವಿ ಬಗ್ಗೆ ನಮಗೆ ಅಗೌರವ ಇಲ್ಲ ಮೇಡಂ. ಆದರೆ ರಸಾಯನಶಾಸ್ತ್ರ ಒಂದು, ಮೇಲ್ಮಟ್ಟದ ಗಣಿತ ಒಂದು ಕಡಿಮೆ ಬೀಳುತ್ತೆ. ಅವೆರಡನ್ನ ಮುಗಿಸಿ ಬಂದ್ರೆ ಪರವಾನಗಿಯ ಎರಡು ಪರೀಕ್ಷೆಗಳಲ್ಲಿ ಮೊದಲನೇದಕ್ಕೆ ಕೂರಬಹುದು."

"ಆ ಗಣಿತ ನಾನು ಓದಿದೀನಿ. ಬೇರೆ ಹೆಸರಲ್ಲಿ ಇತ್ತು ಅಷ್ಟೆ."

"ಇರಬಹುದು ಮೇಡಂ. ಅಂಕಪಟ್ಟಿಯಲ್ಲಿ ಆ ಹೆಸರಿಲ್ಲ."

"ಕಲಿಸಿದ ಮೇಷ್ಟ್ರು ಇನ್ನೂ ಬದುಕಿದಾರೆ. ಅವರನ್ನೇ ಕೇಳಿ."

"ನಾವು ಮೇಷ್ಟ್ರನ್ನ ಕೇಳೋದಿಲ್ಲ ಮೇಡಂ."

ಲೋರ್ನಾ ಫೋನು ಕುಕ್ಕಿದಳು. ಚಳಿಗಾಲ ಶುರುವಾಗುವ ಹೊತ್ತಿಗೆ ಅದೇ ಕಾಲೇಜಿನ ಪ್ರಯೋಗಾಲಯದಲ್ಲಿ, ಅವಳ ಮಗಳಿಗಿಂತಲೂ ಚಿಕ್ಕವರ ನಡುವೆ, ಕನ್ನಡಕದ ಮೇಲೆ ಇನ್ನೊಂದು ಪ್ಲಾಸ್ಟಿಕ್ ಕನ್ನಡಕ ಏರಿಸಿಕೊಂಡು ಆಮ್ಲಕ್ಕೆ ಕ್ಷಾರ ಹನಿಸುತ್ತ ನಿಂತಿದ್ದಳು. ಪಕ್ಕದ ಹುಡುಗಿ ಇವಳನ್ನು ಮೊದಲ ದಿನ ಮೇಷ್ಟ್ರೆಂದು ತಿಳಿದು ಎದ್ದು ನಿಂತಿದ್ದಳು. ಸೇತುವೆಗೂ ಇದಕ್ಕೂ ಏನು ಸಂಬಂಧವೆಂದು ಲೋರ್ನಾಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಗಣಿತವಾದರೋ ಅವಳಿಗೆ ಹಳೆಯ ನೆಂಟ. ಆದರೂ ಕೈ ಓಡುತ್ತಿರಲಿಲ್ಲ. ಹಗಲು ಕಂಪನಿಯ ಕೆಲಸ, ಸಂಜೆ ಪಾಠ. ನಡುವೆ ಕಾರಿನಲ್ಲೇ ಕೂತು ತಣ್ಣಗಾದ ಮಾಂಸದ ಕಡುಬು ತಿನ್ನುವುದು. ಮನೆಯಲ್ಲಿ ವೇಯ್ನ್, "ನಿಂಗೆ ಇದೆಲ್ಲ ಬೇಕಿತ್ತಾ?" ಎಂದು ಕೇಳಿದರೆ, ಬೇಕಿತ್ತು ಎನ್ನುವಷ್ಟು ಧೈರ್ಯವೂ ಕೆಲವು ದಿನ ಇರುತ್ತಿರಲಿಲ್ಲ.

ಎರಡೂ ವಿಷಯ ಮುಗಿಸಿ ಮೊದಲನೇ ಪರೀಕ್ಷೆಗೆ ಕೂತಳು. ದಿನವಿಡೀ ನಡೆಯುವ ಪರೀಕ್ಷೆ. ಭಾರ, ಬಾಗು, ನೀರಿನ ಹರಿವು, ಇವೆಲ್ಲ ಸಲೀಸಾಗಿ ಬಂದವು. ಆಮೇಲೆ ಶುರುವಾಯಿತು ವಿದ್ಯುತ್ತು, ಉಗಿ, ಶಾಖ, ಇಪ್ಪತ್ತು ವರ್ಷದಿಂದ ಹೆಸರೇ ಎತ್ತದ ಸಂಗತಿಗಳು. ಒಂದೊಂದಕ್ಕೂ ಹಟ ಹಿಡಿದು ಕೂತಳು. ಬಿಟ್ಟು ಮುಂದಕ್ಕೆ ಹೋಗುವ ಬುದ್ಧಿ ಅವಳಿಗಿರಲಿಲ್ಲ. ಗಂಟೆ ಬಾರಿಸಿದಾಗ ತನಗೆ ಚೆನ್ನಾಗಿ ಗೊತ್ತಿದ್ದ ಪ್ರಶ್ನೆಗಳೇ ಕೊನೆಯಲ್ಲಿ ಖಾಲಿ ಉಳಿದಿದ್ದವು.

ಫೇಲಾದ ಸುದ್ದಿ ಬಂದ ಭಾನುವಾರ ಡೇಲ್ ಅವಳನ್ನು ಸಮಾಧಾನ ಮಾಡಲು ಹೋಗಿ, "ಅದು ಓದು ಮುಗಿದ ವರ್ಷವೇ ಬರೀಬೇಕಾದ ಪರೀಕ್ಷೆ. ನಂಗೀಗ ಕೊಟ್ರೆ ನಾನೂ ಫೇಲು," ಅಂದ.

"ಹಂಗಾದ್ರೆ ಆ ಮೊಹರು ಇಲ್ಲಿ ಕೊಡು," ಅಂದಳು ಲೋರ್ನಾ.

ಯಾರೂ ನಗಲಿಲ್ಲ. ಸೈಮಿ ಕಾಫಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಎರಡನೇ ಸಲ ಪಾಸಾದಳು. ಇನ್ನು ಉಳಿದದ್ದು ಎರಡನೇ ಪರೀಕ್ಷೆ. ಅದಕ್ಕೆ ಕೂರಬೇಕಾದರೆ ಪರವಾನಗಿ ಇರುವ ಎಂಜಿನಿಯರ್ ಒಬ್ಬರ ಕೈಕೆಳಗೆ ನಾಲ್ಕು ವರ್ಷ ಕೆಲಸ ಮಾಡಿರಬೇಕು, ಆ ಎಂಜಿನಿಯರೇ ಅದನ್ನು ಬರೆದು ಸಹಿ ಮಾಡಬೇಕು. ಲೋರ್ನಾಳಿಗೆ ಇದ್ದ ಎಂಜಿನಿಯರ್ ಒಬ್ಬನೇ.

ಡೇಲ್ ಕೇಳಿದ ದಿನವೇ ಬರೆದುಕೊಟ್ಟ. ಕಾರ್ಖಾನೆಯ ಮೇಜಿನ ಮೇಲೆ, ಕಬ್ಬಿಣದ ಪುಡಿ ಒರೆಸಿ ಜಾಗ ಮಾಡಿಕೊಂಡು, ಎಂದೂ ಇಲ್ಲದಷ್ಟು ಅಂದವಾದ ಅಕ್ಷರದಲ್ಲಿ ಬರೆದ. ಲೋರ್ನಾ ಅಲ್ಲೇ ನಿಂತು ಓದಿದಳು: ಇವಳ ಪ್ರತಿಯೊಂದು ಲೆಕ್ಕವನ್ನೂ ನಾನು ಪರಿಶೀಲಿಸಿದ್ದೇನೆ, ದಿನನಿತ್ಯ ಮಾರ್ಗದರ್ಶನ ಕೊಟ್ಟಿದ್ದೇನೆ, ಇವಳ ಕೆಲಸ ನನ್ನ ಮೇಲ್ವಿಚಾರಣೆಯಲ್ಲಿ ಸುಧಾರಿಸಿದೆ.

"ಇದೇನು ಬರ್ದಿದೀಯ ಡೇಲ್?"

"ಅವರು ಏನು ಕೇಳ್ತಾರೋ ಅದನ್ನ."

"ಸುಧಾರಿಸಿದೆ ಅಂತೆ! ನೀನು ಒಂದೇ ಒಂದು ಹಾಳೆ ಪೂರ್ತಿ ಓದಿದ್ದು ನೆನಪಿದ್ರೆ ಹೇಳು."

ಡೇಲ್ ಸುತ್ತ ನೋಡಿ ದನಿ ತಗ್ಗಿಸಿದ. "ಮೆಲ್ಲಗೆ ಮಾತಾಡು. ಓದಿಲ್ಲ ಅಂತ ಬರೆದ್ರೆ ನನ್ನ ಪರವಾನಗಿ ಹೋಗುತ್ತೆ. ಓದಿದೀನಿ ಅಂದ್ರೆ ನಿಂಗೆ ಬರುತ್ತೆ. ಯಾಕೆ ಹಿಂಗಾಡ್ತೀಯ? ಇಷ್ಟು ವರ್ಷ ಪರವಾನಗಿಗೇ ತಾನೆ ಒದ್ದಾಡಿದ್ದು ನೀನು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಲಕೋಟೆಯನ್ನು ಕಾರಿನಲ್ಲಿ ಮುಂದಿನ ಗಾಜಿನ ಕೆಳಗೆ ಎಸೆದುಕೊಂಡು ಅವಳು ಅಂಚೆಪೆಟ್ಟಿಗೆಯ ಮುಂದೆ ಎಷ್ಟೋ ಸಲ ಹಾದುಹೋದಳು. ನಿಲ್ಲಿಸಲಿಲ್ಲ. ಸುಳ್ಳು ಹೇಳಬಾರದು ಎಂಬ ದೊಡ್ಡ ನೀತಿಯೇನೂ ಅವಳ ಕೈ ಹಿಡಿದಿರಲಿಲ್ಲ. ಹಿಡಿದದ್ದು ಹೊಟ್ಟೆಯುರಿ. ಅದನ್ನು ಕಳಿಸಿದರೆ ತಾನು ಒಬ್ಬಳೇ ಕೂತು ಹಾಕಿದ ಲೆಕ್ಕವೆಲ್ಲ ಇವನು ಹೇಳಿಕೊಟ್ಟದ್ದೆಂದು ಸರ್ಕಾರದ ಕಡತದಲ್ಲಿ ಉಳಿಯುತ್ತದೆ. ಅದರ ಅಡಿಯಲ್ಲಿ ತಾನೇ ಸಹಿ ಮಾಡಬೇಕು. ಇಷ್ಟು ದಿನ ಹೆಸರು ಮಾತ್ರ ಅವನದಿತ್ತು, ಇನ್ನು ಕೆಲಸವೂ ಅವನದಾಗುತ್ತದೆ.

ಒಂದು ಸಂಜೆ ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಬೆವರುತ್ತ ಕೂತಾಗ ವೇಯ್ನ್‌ಗೆ ಹೇಳಿದಳು: "ನಾನು ರಸ್ತೆ ಇಲಾಖೆಗೆ ಅರ್ಜಿ ಹಾಕ್ತೀನಿ."

ವೇಯ್ನ್ ಅದೇ ಇಲಾಖೆಯಲ್ಲಿ ಹಿಮ ಗೋರುವ ಲಾರಿ ಓಡಿಸುತ್ತಿದ್ದ. ಬಿಸಿ ಕಲ್ಲಿಗೆ ಇನ್ನಷ್ಟು ನೀರು ಚೆಲ್ಲಿದ. "ಅಲ್ಲಿ ಟ್ರೆಗೆಂಬೊ ಇದಾನೆ. ಅವನ ಕೈಲಿ ನೀನು ಒಂದು ವಾರ ಉಳಿಯೋದಿಲ್ಲ."

"ಅವನಿಗೆ ಪರವಾನಗಿ ಇದೆಯಾ?"

"ಇದೆ. ಅದೊಂದೇ ಇರೋದು ಅವನ ಹತ್ರ."

ಲೋರ್ನಾ ಕಂಪನಿ ಬಿಟ್ಟು ಇಲಾಖೆ ಸೇರಿದಳು. ಸೈಮಿ ಮೂರು ತಿಂಗಳು ಸೊಸೆಯ ಜೊತೆ ಮಾತು ಬಿಟ್ಟಳು. ಮಗನ ಕೈ ಮುರಿದು ಹೋದಳು ಎಂದು ಚರ್ಚಿನ ಹೆಂಗಸರ ಮುಂದೆ ಹೇಳಿಕೊಂಡಳಂತೆ. ಅದು ಅರ್ಧ ನಿಜವೂ ಆಗಿತ್ತು, ಯಾಕೆಂದರೆ ಡೇಲ್ ಈಗ ತಾನೇ ಲೆಕ್ಕ ಹಾಕಬೇಕಾಗಿ ಬಂದು, ಬಂದ ಕೆಲಸದಲ್ಲಿ ಅರ್ಧವನ್ನು ಬಿಟ್ಟುಕೊಡತೊಡಗಿದ್ದ.

ಇಲಾಖೆಯ ಎಂಜಿನಿಯರ್ ಎಲ್ವುಡ್ ಟ್ರೆಗೆಂಬೊ ಗಣಿ ಕೆಲಸದವರ ಮನೆತನದವನು. ಉದ್ದ ಮೂಗು, ಎರಡು ಸ್ವೆಟರು, ಕಿವಿಯ ಮೇಲೆ ಕೆಂಪು ಪೆನ್ಸಿಲ್ಲು. ಲೋರ್ನಾ ಮಾಡಿದ ಮೊದಲ ನಕ್ಷೆ, ರಸ್ತೆಯಡಿಯ ಒಂದು ಮೋರಿಯದು, ಅವನ ಮೇಜಿನಿಂದ ವಾಪಸು ಬಂದಾಗ ಅದರ ಮೇಲೆ ಬಿಳಿಗಿಂತ ಕೆಂಪೇ ಹೆಚ್ಚಿತ್ತು.

"ಹಿಮ ಕರಗಿ ಬರೋ ನೀರಿಗೆ ಈ ಅಂಕಿ ಎಲ್ಲಿಂದ ತಂದ್ರಿ?"

"ನಾವು ಯಾವಾಗಲೂ ಅದನ್ನೇ ಹಾಕೋದು."

"ನಾವು ಅಂದ್ರೆ ಯಾರು?"

ಲೋರ್ನಾ ಯೋಚಿಸಿ, "ನಮ್ಮ ಮಾವ," ಅಂದಳು. ಡೇಲ್‌ನ ಅಪ್ಪ ಬದುಕಿದ್ದಾಗ ಒಮ್ಮೆ ಹೇಳಿದ್ದು. ಅವರಿಗೆ ಯಾರು ಹೇಳಿದ್ದರೋ.

"ಅಂಕಿ ತಪ್ಪೇನಿಲ್ಲ," ಅಂದ ಟ್ರೆಗೆಂಬೊ. "ಆದರೆ ನಾಳೆ ಕೋರ್ಟಲ್ಲಿ ಯಾರಾದ್ರೂ ಕೇಳಿದ್ರೆ ಮಾವ ಹೇಳಿದ್ರು ಅಂತೀರಾ? ಹುಡುಕಿ ತನ್ನಿ."

ಅವಳು ಹುಡುಕಿ ತಂದಳು. ಇನ್ನೊಂದು ಕೇಳಿದ, ಅದನ್ನೂ ತಂದಳು. ಇಷ್ಟು ವರ್ಷ ಯಾರಾದರೂ ತನ್ನ ಲೆಕ್ಕವನ್ನು ಓದಲಿ ಎಂದು ಹಂಬಲಿಸಿದ್ದವಳಿಗೆ ಈಗ ಓದುವವನೊಬ್ಬ ಸಿಕ್ಕಿದ್ದ, ಅವನ ಕತ್ತು ಹಿಸುಕುವಷ್ಟು ಸಿಟ್ಟು ಬರುತ್ತಿತ್ತು. ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಬೈದುಕೊಳ್ಳುತ್ತಿದ್ದಳು. ಎರಡನೇ ವರ್ಷ ಒಮ್ಮೆ ಕಂಬದ ಬುಡದ ಲೆಕ್ಕದಲ್ಲಿ ಅವಳು ನಿಜಕ್ಕೂ ತಪ್ಪಿದ್ದಳು. ಮಣ್ಣು ಹೆಪ್ಪುಗಟ್ಟುವ ಆಳವನ್ನು ಕಡಿಮೆ ಹಿಡಿದಿದ್ದಳು. ಟ್ರೆಗೆಂಬೊ ಅಲ್ಲಿ ಒಂದು ಸಣ್ಣ ಗೆರೆ ಎಳೆದು ಕಳಿಸಿದ. ಅವತ್ತು ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಕಾಡಿನ ಸೇತುವೆಗಳು ಬಂದವು. ಯಾರೂ ಗೆರೆ ಎಳೆಯದೆ ಕಟ್ಟಿದವು. ಮುಂದಿನ ರಜೆಯ ದಿನ ಹಳೆಯ ಪ್ರತಿಗಳನ್ನೆಲ್ಲ ತೆಗೆದು ಒಂದೊಂದನ್ನೂ ಮತ್ತೆ ನೋಡಿದಳು. ಅವು ಸರಿಯಾಗಿದ್ದವು. ಆದರೂ ಸಿಟ್ಟು ಇಳಿಯಲಿಲ್ಲ, ಬದಲಿಗೆ ಯಾರ ಮೇಲೆ ಎಂದು ಹೇಳಲಾಗದಂತೆ ಎಲ್ಲ ಕಡೆ ಹರಡಿಕೊಂಡಿತು.

ನಾಲ್ಕು ವರ್ಷ ತುಂಬಿದಾಗ ಟ್ರೆಗೆಂಬೊ ಎರಡೇ ಸಾಲು ಬರೆದುಕೊಟ್ಟ: ಇವರ ಕೆಲಸವನ್ನೆಲ್ಲ ಓದಿದ್ದೇನೆ. ಇವರು ಜಗಳ ಮಾಡುತ್ತಾರೆ, ಆಮೇಲೆ ತಿದ್ದುತ್ತಾರೆ.

ಎರಡನೇ ಪರೀಕ್ಷೆಯನ್ನು ಪುಸ್ತಕ ನೋಡಿ ಬರೆಯಬಹುದಿತ್ತು. ಏಪ್ರಿಲಿನ ಕರಗುವ ಹಿಮದಲ್ಲಿ ಎಲ್ಲರೂ ಊರು ಬಿಟ್ಟು ಹೊರಟವರ ಹಾಗೆ ಪುಸ್ತಕ ತುಂಬಿದ ಸೂಟ್‌ಕೇಸುಗಳನ್ನು ಎಳೆದುಕೊಂಡು ಬಂದಿದ್ದರು. ಲೋರ್ನಾಳ ಸೂಟ್‌ಕೇಸಿನ ಚಕ್ರ ಬಾಗಿಲಲ್ಲೇ ಮುರಿಯಿತು. ಎತ್ತಿಕೊಂಡು ಒಳಗೆ ಹೋದಳು. ಈ ಸಲ ಬಾರದ್ದನ್ನು ಬಿಟ್ಟು ಮುಂದಕ್ಕೆ ಹೋದಳು, ಅರ್ಧಕ್ಕರ್ಧ ಪುಸ್ತಕ ತೆರೆಯಲೇ ಇಲ್ಲ.

ಬೇಸಗೆಯಲ್ಲಿ ಫಲಿತಾಂಶ ಬಂದಾಗ ಅವಳು ಕೊಚ್ಚಿಹೋದ ರಸ್ತೆಯೊಂದರ ಬದಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿದ್ದಳು. ವೇಯ್ನ್ ಲಾರಿಯ ರೇಡಿಯೋದಲ್ಲಿ ಕೂಗಿ ಹೇಳಿದ. "ಪಾಸು. ಕೇಳಿಸ್ತಾ? ಪಾಸು."

"ಕೇಳಿಸ್ತು. ಒಂದು ಲೋಡು ಜಲ್ಲಿ ಕಳಿಸು," ಅಂದಳು.

ಅವಳಿಗೆ ಆಗ ಐವತ್ತು ತುಂಬಲು ಎರಡೇ ತಿಂಗಳಿತ್ತು. ಸೈಮಿ ಮಗನ ಕೈಲಿ ಒಂದು ಬ್ರೆಡ್ಡು ಕಳಿಸಿದಳು, ತಾನು ಬರಲಿಲ್ಲ. ಡೇಲ್ ಅದನ್ನು ಕೊಟ್ಟು, ಬಾಗಿಲಲ್ಲೇ ನಿಂತು, "ವಾಪಸು ಬರ್ತೀಯಾ?" ಎಂದು ಕೇಳಿದ. "ಇಲ್ಲ," ಅಂದಳು. "ಗೊತ್ತಿತ್ತು," ಅಂದು ಹೊರಟ. ಅವನಿಗೆ ಒಳಗೆ ಬಾ ಅನ್ನಬೇಕಿತ್ತೆಂದು ಅವಳಿಗೆ ಅನ್ನಿಸಿದ್ದು ಅವನ ಲಾರಿ ತಿರುವು ದಾಟಿದ ಮೇಲೆ.

ಅವಳು ತನ್ನ ಹೆಸರಿನಲ್ಲಿ ಸಹಿ ಹಾಕಬೇಕಾಗಿ ಬಂದ ಮೊದಲ ನಕ್ಷೆ ಆ ಕೊಚ್ಚಿಹೋದ ರಸ್ತೆಯ ಹೊಸ ಮೋರಿಯದೇ. ಸಣ್ಣ ಕೆಲಸ, ಕಣ್ಣು ಮುಚ್ಚಿ ಮಾಡುವಂಥದ್ದು. ಆದರೆ ಹಿಡಿದ ಪೆನ್ನನ್ನು ಮತ್ತೆ ಕೆಳಗಿಟ್ಟಳು. ಎಲ್ಲ ಲೆಕ್ಕವನ್ನೂ ಮೊದಲಿನಿಂದ ಹಾಕಿದಳು. ಮಾರನೆಯ ದಿನ ಮತ್ತೊಮ್ಮೆ ಹಾಕಿದಳು. ನಿವೃತ್ತಿಗೆ ಹತ್ತಿರವಾಗಿದ್ದ ಟ್ರೆಗೆಂಬೊ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದ. ಮೂರನೇ ಸಲ ಒಳಗೆ ಬಂದ.

"ನೀವೊಮ್ಮೆ ನೋಡ್ತೀರಾ?" ಎಂದು ಕೇಳಿದಳು.

"ಇಲ್ಲ," ಅಂದ ಅವನು. "ಇದು ನಿಮ್ಮದು. ಬೇಗ ಮುಗಿಸಿ, ಆ ರಸ್ತೆ ಇಲ್ಲದೆ ಸ್ಕೂಲ್ ಬಸ್ಸು ಊರು ಸುತ್ತಿಕೊಂಡು ಹೋಗ್ತಾ ಇದೆ."

ಅವನು ಹೋದ ಮೇಲೆ ಲೋರ್ನಾ ಅವನನ್ನು ಬಾಯ್ತುಂಬ ಬೈದಳು. ಆಮೇಲೆ ಸಹಿ ಹಾಕಿದಳು.