ಹರಳೆಣ್ಣೆ ಕುಡಿದ ಬೋಟಿನ ನೆಲ

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ನನ್ನ ಮೊಮ್ಮಗಳು ರಮ್ಯಾ ಬೋಟ್ ಓಡಿಸುವ ಲೈಸೆನ್ಸ್ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ. ಕಬಿನಿ ಹಿನ್ನೀರಿನಲ್ಲಿ ಜನರನ್ನು ಕೂರಿಸಿಕೊಂಡು ಹೋಗಬಹುದು ಅಂತ ಅವಳಿಗೆ ಅಪ್ಪಣೆ ಸಿಕ್ಕಿದೆ. ಇದನ್ನು ಹಾಲಿನ ಡೇರಿಯಲ್ಲಿ ಹೇಳಿದೆ, ಬಸ್ ಕಂಡಕ್ಟರಿಗೆ ಹೇಳಿದೆ, ರಾಂಗ್ ನಂಬರಿಗೆ ಫೋನ್ ಮಾಡಿದ ಯಾರಿಗೋ ಹೇಳಿದೆ. ಈಗ ನಿಮಗೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬೀಚನಹಳ್ಳಿ ಹತ್ತಿರದ ಒಂದು ರೆಸಾರ್ಟಿನಲ್ಲಿ ಬೋಟ್ ಡ್ರೈವರ್ ಆಗಿದ್ದೆ. ಕೆಟ್ಟರೆ ರಿಪೇರಿಯೂ ನನ್ನದೇ. ಎಷ್ಟೋ ಬೋಟುಗಳ ನೆಲ ಬಿಚ್ಚಿ ಕೂರಿಸಿದ್ದೇನೆ. ಆದರೆ ನನ್ನನ್ನು ಕೂತಲ್ಲಿ ಕೂರಲು ಬಿಡದ ಕೆಲಸ ಅಂದರೆ ರಿಟೈರಾದ ಮೇಲೆ, ಈ ಮುಂಗಾರಿನಲ್ಲಿ ಮಾಡಿದ್ದು.

ರೆಸಾರ್ಟಿನವರು ಗುಜರಿಗೆ ಹಾಕಲು ಹೊರಟಿದ್ದ ಹಳೆಯ ಫೈಬರ್‌ಗ್ಲಾಸ್ ಮೋಟರ್‌ಬೋಟೊಂದನ್ನು ಕೇಳಿ ತಂದಿದ್ದೆ. ರಮ್ಯಾ ಕಲಿತದ್ದು ಅದರಲ್ಲೇ, ಪರೀಕ್ಷೆಗೂ ಅದೇ ಬೋಟು. ಪರೀಕ್ಷೆಗೆ ಬರುವ ಇನ್‌ಸ್ಪೆಕ್ಟರು ಮೊದಲು ಬೋಟನ್ನು ನೋಡುತ್ತಾರೆ. ಬೋಟು ಸರಿಯಿಲ್ಲವೆಂದರೆ ಪರೀಕ್ಷೆಯೇ ಇಲ್ಲ. ರೆಸಾರ್ಟಿನಲ್ಲಿ ಡ್ರೈವರ್ ಕೆಲಸವೊಂದು ಖಾಲಿ ಇತ್ತು. ಈ ಸಲ ಲೈಸೆನ್ಸ್ ಬರದಿದ್ದರೆ ಅದು ಬೇರೆಯವರ ಪಾಲು.

ಪರೀಕ್ಷೆ ಹತ್ತಿರ ಬಂದಾಗ ಒಂದು ದಿನ ಹಿಂದಿನ ಸೀಟಿನ ಬಳಿ ಕಾಲಿಟ್ಟರೆ ನೆಲ ಹತ್ತಿಯ ಹಾಸಿಗೆಯ ಹಾಗೆ ಕುಸಿಯಿತು. ಫೈಬರ್ ಬೋಟಿಗೆ ಮೈಯೆಲ್ಲ ಫೈಬರ್ ಆದರೂ ನೆಲದೊಳಗೆ ಇರುವುದು ಪ್ಲೈವುಡ್ಡು. ಅದರ ಮೇಲೆ ಗಾಜಿನ ನಾರಿನ ಚಾಪೆ ಹಾಸಿ, ರೆಸಿನ್ ಎಂಬ ಅಂಟು ಹೊಯ್ದಿರುತ್ತಾರೆ. ಸೀಟಿನ ಸ್ಕ್ರೂ ತೂತಿನಲ್ಲಿ ನೀರು ಇಳಿದರೆ ಮೇಲೆ ಹೊಳೆಯುತ್ತಲೇ ಇರುತ್ತದೆ, ಒಳಗೆ ಕೊಳೆಯುತ್ತದೆ. ಗ್ರೈಂಡರಿನಲ್ಲಿ ಕೊಯ್ದು ನೋಡಿದರೆ ಹಲಗೆ ನೆನೆದ ಹಿಂಡಿಯ ಹಾಗೆ ಕೈಗೆ ಬಂತು. ಅದನ್ನು ಹೊತ್ತ ಅಡ್ಡಪಟ್ಟಿಗಳು ಗಟ್ಟಿಯಾಗಿದ್ದವು, ಅದೊಂದು ಪುಣ್ಯ.

ಹಳೆಯ ಅಳತೆಗೆ ಹೊಸ ಹಲಗೆ ಕೊಯ್ದು ಜಗಲಿಯ ಮೇಲೆ ಒರಗಿಸಿ, ರೆಸಿನ್ ತರಲು ಮೈಸೂರಿಗೆ ಹೋದೆ. ಬಂದು ನೋಡಿದರೆ ಹಲಗೆಗಳಿಗೆ ಅರಿಶಿನ ಕುಂಕುಮ. ನನ್ನ ಹೆಂಡತಿ ಕೆಂಪಮ್ಮನ ಪೂಜೆ ಅಂದುಕೊಂಡು ಒರೆಸಿ, ಕೂರಿಸಿ, ರೆಸಿನ್ ಹೊಯ್ದೆ. ರಾತ್ರಿಯಿಡೀ ಎದ್ದೆದ್ದು ಹೋಗಿ ಮುಟ್ಟಿ ನೋಡಿದೆ.

ಬೆಳಿಗ್ಗೆ ರಮ್ಯಾ ಬೋಟಿಗೆ ಹತ್ತಿ ಹಿಮ್ಮಡಿಯಲ್ಲಿ ತಟ್ಟುತ್ತಾ ಬಂದವಳು ನಡುವೆ ನಿಂತಳು.

“ತಾತ, ಇದು ಕೂತಿಲ್ಲ ಕಣೋ. ಟೊಳ್ಳು ಸದ್ದು ಬತ್ತೈತೆ.”

ಅಂಚಿಗೆ ಉಳಿ ಹಾಕಿ ಎತ್ತಿದೆ. ಫೈಬರ್ ಪದರ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಕೆಳಗೆ ಜಿಡ್ಡು, ಮೂಸಿದರೆ ಹರಳೆಣ್ಣೆ. ಮರದೊಳಗೆ ಇಂಗಿದ್ದರಿಂದ ನಿನ್ನೆ ಕೈಗೆ ತಾಗಿರಲಿಲ್ಲ, ರೆಸಿನ್ನಿನ ಘಾಟಿನಲ್ಲಿ ವಾಸನೆಯೂ ಗೊತ್ತಾಗಿರಲಿಲ್ಲ.

ಕೆಂಪಮ್ಮ ಸೆರಗಿಗೆ ಕೈ ಒರೆಸುತ್ತಾ ಬಂದಳು. ಒಂದಿಷ್ಟೂ ಅಳುಕಿಲ್ಲ. “ಗಾಡಿ ಮೂಕಿಗೆ, ನೇಗಿಲಿಗೆ ನಮ್ಮಪ್ಪ ಎಣ್ಣೆ ಕುಡಿಸ್ತಿರ್ನಿಲ್ವಾ? ಮೊಮ್ಮಗ್ಳು ಕೂತ್ಕಳೋ ಬೋಟು, ನೀರಲ್ಲಿ ಇರೋ ಮರ. ಎಣ್ಣೆ ಕುಡುದ್ರೆ ಕೊಳೆಯಾಕಿಲ್ಲ ಅಂತ ಎಲ್ಡು ಕಡೀಕೂ ತಿಕ್ಕಿವ್ನಿ.”

ಎಣ್ಣೆ ಕುಡಿದ ಮರಕ್ಕೆ ರೆಸಿನ್ ಹಿಡಿಯುವುದಿಲ್ಲ ಅಂತ ಅವಳಿಗೆ ಯಾರು ಹೇಳಿದ್ದರು? ನಾನು ಕೂರಿಸಿದ್ದ ಹಲಗೆಗಳನ್ನು ಒಂದೊಂದಾಗಿ ಕಿತ್ತು ಅಂಗಳಕ್ಕೆ ಎಸೆದೆ. ರಮ್ಯಾ ಮಾತ್ರ ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು.

“ಬೋಟಿಗೆ ಎಣ್ಣೆಸ್ನಾನ ಮಾಡಿಸ್ಬುಟ್ಟೆ ಕಣಜ್ಜಿ.”

ಹುಣಸೂರಿಗೆ ಓಡಿ, ಮರದ ಅಂಗಡಿಯಲ್ಲಿ ಬೇರೆ ಪ್ಲೈವುಡ್ ಹಿಡಿದೆ. ಬರುವ ದಾರಿಯಲ್ಲಿ ಮಳೆ. ಆಟೋದ ಟಾರ್ಪಾಲು ಹಾರಿ ಹಲಗೆಯ ಅಂಚುಗಳು ನೀರು ಕುಡಿದವು. ಹಸಿ ಹಲಗೆಗೆ ರೆಸಿನ್ ಹಾಕಿದರೆ ಒಳಗೇ ಕೊಳೆಯನ್ನು ಮುಚ್ಚಿಟ್ಟಂತೆ. ಆಕಾಶದಲ್ಲಿ ಬಿಸಿಲಿನ ಸುಳಿವಿಲ್ಲ. ನಾನು ಅಂಗಳದಲ್ಲಿ ಆ ಕಡೆ ಈ ಕಡೆ ತಿರುಗಿದ್ದೇ ತಿರುಗಿದ್ದು.

ಆಗ ಕೆಂಪಮ್ಮ ಯಾರನ್ನೂ ಕೇಳದೆ ಪಿರಿಯಾಪಟ್ಟಣದ ಕಡೆ ಹಳ್ಳಿಯಲ್ಲಿರುವ ತಮ್ಮ ಸಿದ್ದೇಗೌಡನಿಗೆ ಫೋನ್ ಮಾಡಿದಳು. ಅವನದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಹದ ಮಾಡುವ ಬ್ಯಾರನ್ ಎಂಬ ಬಿಸಿ ಕೋಣೆಯಿಂದ ಅವತ್ತಷ್ಟೇ ಸೊಪ್ಪು ಇಳಿಸಿದ್ದ, ಒಳಗೆ ಬಿಸಿ ಇನ್ನೂ ಇತ್ತು. ಹಲಗೆ ಒಯ್ದು, ಸೊಟ್ಟಗಾಗದ ಹಾಗೆ ನಡುವೆ ಕಡ್ಡಿ ಕೊಟ್ಟು ಜೋಡಿಸಿದೆವು. ನಾನು ಬಾಗಿಲ ಮುಂದೆಯೇ ಕೂತೆ. ಕೂತೆ ಅನ್ನುವುದು ಬರಿ ಮಾತು, ಗಳಿಗೆಗೊಂದು ಸಲ ಬಾಗಿಲು ತೆಗೆದು ಇಣುಕುತ್ತಿದ್ದೆ.

“ಬಾವ, ಇಂಗೆ ಬಾಗ್ಲು ತೆಗೀತಾ ಇದ್ರೆ ಬಿಸಿ ಏನು ನಿಮ್ಮನ್ನ ಕಾಯ್ಕಂಡು ಕೂತಿರ್ತದಾ? ಬನ್ನಿ, ಕಾಪಿ ಕುಡೀರಿ,” ಎಂದು ಸಿದ್ದೇಗೌಡ ಬೀಗ ಹಾಕಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಹಲಗೆ ಗರಿಗರಿಯಾಗಿ ಒಣಗಿ, ಹೊಗೆಸೊಪ್ಪಿನ ವಾಸನೆ ಹೊತ್ತು ಮನೆಗೆ ಬಂತು. ಈ ಸಲ ರೆಸಿನ್ ಹಾಕುವಾಗ ಕೆಂಪಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡೆ. ಇದು ಅಂಟು, ಇದು ಗಟ್ಟಿಯಾಗಿಸುವ ಔಷಧಿ, ಸ್ಕ್ರೂ ತೂತಿನೊಳಕ್ಕೂ ಅಂಟು ತುಂಬಬೇಕು ಅಂತ ಒಂದೊಂದಾಗಿ ಹೇಳಿದೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕೆಲಸದ ಬಗ್ಗೆ ಅವಳು ಅಷ್ಟೊಂದು ಕೇಳಿದ್ದು ಅದೇ ಮೊದಲು.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಬೋಟಿನ ಉದ್ದಕ್ಕೂ ನಡೆದರು. ಹಿಂದಿನ ಸೀಟಿನ ಬಳಿ ಬೂಟುಗಾಲಿನಲ್ಲಿ ಕುಟ್ಟಿದರು. ನನ್ನ ಎದೆ ಆ ಹಲಗೆಯ ಕೆಳಗೇ ಇತ್ತು. ಆಮೇಲೆ ರಮ್ಯಾಗೆ ಬೋಟು ತೆಗೆಯಲು ಹೇಳಿದರು. ನೀರಿನೊಳಗೆ ನಿಂತ ಒಣಮರಗಳ ನಡುವೆ ಬೋಟು ಸಣ್ಣದಾಗುತ್ತಾ ಹೋಯಿತು. ನಾನು ನೋಡಲಾರದೆ ಬೆನ್ನು ತಿರುಗಿಸಿದೆ. ಕೆಂಪಮ್ಮ ನೋಡಿ ನೋಡಿ ಹೇಳುತ್ತಿದ್ದಳು: ತಿರುಗಿಸಿದ್ಳು, ಮರ ದಾಟಿದ್ಳು, ಬತ್ತಾವ್ಳೆ. ಬೋಟು ದಡಕ್ಕೆ ತಾಗಿದ್ದು ಸದ್ದೇ ಆಗಲಿಲ್ಲ. ಇನ್‌ಸ್ಪೆಕ್ಟರು ಇಳಿದು, “ಪಾಸು,” ಅಂದರು. ನಾನು ಇನ್ನೊಂದು ಸಲ ಹೇಳಿಸಿಕೊಂಡೆ.

ಎಲ್ಲಿ ತೂತಿದೆಯೋ ಅಲ್ಲಿಗೆ ಅಂಟು ತುಂಬು ಅಂತ ಕೆಲಸ ನನಗೆ ಮೊದಲೇ ಕಲಿಸಿತ್ತು. ಮಾಡುವ ಕೆಲಸ ಏನು ಅಂತ ಮನೆಯವರಿಗೂ ಹೇಳಿ ಮಾಡಬೇಕು ಅನ್ನುವುದನ್ನು ಕಲಿಸಿದ್ದು ಈ ಒಂದು ಬೋಟು.

ಅವತ್ತು ಸಂಜೆ ಮಗ, ಸೊಸೆ, ಸಿದ್ದೇಗೌಡ, ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ರಾಗಿಮುದ್ದೆ, ಮೀನಿನ ಸಾರು. ರಮ್ಯಾಳ ತಟ್ಟೆಗೆ ಇನ್ನೊಂದು ತುಂಡು ಹಾಕುತ್ತಾ ಕೆಂಪಮ್ಮ ನನ್ನ ಕಡೆ ತಿರುಗಿ ಕೇಳಿದಳು:

“ನಾಳೆ ಬೋಟಿಗೆ ಕುಂಕುಮ ಎಲ್ಲಿಗೆ ಇಡಾನ? ಈಗ್ಲೇ ಹೇಳ್ಬುಡಿ.”

ಸ್ಟೇರಿಂಗಿಗೆ ಅಂದ ಮಗ. ಎಂಜಿನ್ನಿಗೆ ಅಂದ ಸಿದ್ದೇಗೌಡ. ಸೊಸೆ ಇನ್ನೇನೋ ಅಂದಳು. ಮುದ್ದೆ ಮುರಿಯುತ್ತಾ, ಸಾರು ಸುರಿಯುತ್ತಾ ಅದೇ ಮಾತು ನಡೆಯಿತು. ನಾನು ಮಾತ್ರ ಎಲ್ಲರಿಗಿಂತ ಒಂದು ಮುದ್ದೆ ಜಾಸ್ತಿ ಉಂಡೆ.