ಕುರಕುಂಭದ ಊಟ, ಸಾಸವಡದ ಬೆಸುಗೆ

ಬೆಳಿಗ್ಗೆ ಆರೂವರೆಗೆ ನಾನು ಮತ್ತು ಮಲ್ಲೇಶಿ ಕಾಕಾ ಪುಣೆಯ ನಿಗಡಿ ಬಿಟ್ಟೆವು. ಸಿಟಿ ಬಸ್ಸಿನಲ್ಲಿ ಸ್ವಾರಗೇಟ, ಅಲ್ಲಿಂದ ಸೋಲಾಪುರದ ಕೆಂಪು ಎಸ್‌.ಟಿ. ಬಸ್ಸು. ಕುರಕುಂಭಕ್ಕೆ ಸುಮಾರು ಎಂಬತ್ತು ಕಿಲೋಮೀಟರು, ತಲೆಗೆ ನಲವತ್ತೆರಡು ರೂಪಾಯಿ. ಮೇ ತಿಂಗಳು; ಹಡಪಸರ ದಾಟಿ ಸ್ವಲ್ಪ ಹೊತ್ತಿಗೆ ಕಿಟಕಿಯ ಕಂಬಿ ಮುಟ್ಟಲಾಗುತ್ತಿರಲಿಲ್ಲ. ಹೋಗುವಾಗ ಬಸ್ಸು, ಬರುವಾಗ ನಮ್ಮದೇ ಗಾಡಿ, ಸಂಜೆಯ ಚಹಾಕ್ಕೆ ಮನೆಯಲ್ಲಿರುತ್ತೇವೆ ಎಂದು ಅವ್ವನಿಗೆ ಹೇಳಿದ್ದೆವು. ಮನೆ ಮುಟ್ಟಿದ್ದು ಐದನೆಯ ದಿನ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕೆಂದು ನನಗೆ ಅನಿಸಿಯೂ ಇಲ್ಲ.

ಗಾಡಿ ಬೇಕಾಗಿದ್ದು ಅವ್ವನಿಗೆ. ಎರಡು ವರ್ಷದ ಹಿಂದೆ ಅವಳು ಮೆಟ್ಟಿಲ ಮೇಲಿಂದ ಬಿದ್ದು ಬೆನ್ನಿನ ಶಸ್ತ್ರಕ್ರಿಯೆ ಆಗಿತ್ತು. ನಿಧಾನ ನಡೆಯುತ್ತಾಳೆ, ಮಲಗುತ್ತಾಳೆ, ಆದರೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂತಿರಲಾರಳು. ತಿಂಗಳ ಕೊನೆಗೆ ಸೋಲಾಪುರದಲ್ಲಿ ಅವಳ ಅಣ್ಣನ ಮಗಳ ಮದುವೆ. ಆ ಹುಡುಗಿ ನಮ್ಮ ಮನೆಯಲ್ಲೇ ಇದ್ದು ಓದಿದವಳು. ರೈಲಿನಲ್ಲಿ ಮಲಗಿ ಹೋಗಬಹುದಲ್ಲ ಎನ್ನುವವರು ಒಮ್ಮೆ ಪುಣೆ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಎಣಿಸಿ ಬರಲಿ, ಆಮೇಲೆ ಮಾತಾಡೋಣ. ಆಂಬುಲೆನ್ಸ್ ಬಾಡಿಗೆಗೆ ತರೋಣವೆಂದರೆ ಅವ್ವ ಒಂದೇ ಮಾತಿನಲ್ಲಿ ಮುಗಿಸಿದ್ದಳು: ಮದುವೆ ಮನೆಯ ಮುಂದೆ ಆ ಗಾಡಿ ನಿಂತರೆ ಊದುವವನು ಸನಾದಿ ಬಿಟ್ಟು ಓಡುತ್ತಾನೆ.

ಉಳಿದದ್ದು ಸ್ಟೇಷನ್ ವ್ಯಾಗನ್. ಹಿಂದಿನ ಸೀಟು ಮಡಚಿದರೆ ಒಬ್ಬರ ಹಾಸಿಗೆ ಹಿಡಿಯುವ ಉದ್ದ ಬಾಲದ ಕಾರು. ಹೊಸದಕ್ಕೆ ನಮ್ಮ ಹತ್ತಿರ ಹಣವಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಿಗಡಿಯ ಅರಿವೆ ಅಂಗಡಿಯನ್ನೂ ನಮ್ಮ ಮನೆಯನ್ನೂ ನಡೆಸುತ್ತಿದ್ದವರು ಅವನ ತಮ್ಮ, ಈ ಕಾಕಾ. ಅಂಗಡಿಗೆ ಬಂದ ಗಿರಾಕಿಯೊಬ್ಬರಿಂದ ಅವರಿಗೆ ಸುದ್ದಿ ಸಿಕ್ಕಿತು: ಕುರಕುಂಭದ ಕಾರ್ಖಾನೆಗಳಿಗೆ ಕೂಲಿಯಾಳು ಒದಗಿಸುವ ಗುತ್ತಿಗೆದಾರ ಗುರುಲಿಂಗಪ್ಪ ಎಂಬವರು ಟರ್ಬೊ ಡೀಸೆಲ್ ವ್ಯಾಗನ್ ಮಾರುತ್ತಿದ್ದಾರೆ. ಎರಡು ಲಕ್ಷ ನಲವತ್ತು ಸಾವಿರ ಕಿಲೋಮೀಟರು ಓಡಿದೆ, ಆದರೆ ಗಟ್ಟಿಯಾಗಿದೆ. ಮತ್ತು ಕಾಕಾನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಪ್ರಮಾಣಪತ್ರ: ಆತ ನಮ್ಮ ಇಂಡಿ ತಾಲೂಕಿನವ.

ನಾನು ಬಸ್ಸಿನಲ್ಲೇ ವಾದ ಹೂಡಿದೆ. ತಾಲೂಕಿಗೂ ಟರ್ಬೊಗೂ ಏನು ಸಂಬಂಧ? ಇಂಡಿಯಲ್ಲಿ ಕಳ್ಳರೇ ಇಲ್ಲವೆ, ಇಲ್ಲದಿದ್ದರೆ ಅಲ್ಲಿ ಪೊಲೀಸ್ ಠಾಣೆ ಯಾಕಿದೆ? ಕಾಕಾ ಟೋಪಿ ಸರಿಮಾಡಿಕೊಂಡು, “ವಕೀಲವ್ವಾ, ಕೋರ್ಟ್ ಇನ್ನೂ ತೆಗದಿಲ್ಲ, ಸ್ವಲ್ಪ ಮಲಕೋ” ಎಂದರು. ನಾನಾಗ ಕಾನೂನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ಚೀಲದಲ್ಲಿ ಹಳೆ ಗಾಡಿ ಕೊಳ್ಳುವಾಗ ನೋಡಬೇಕಾದ ನಲವತ್ತೊಂದು ಅಂಶಗಳ ಪಟ್ಟಿ ಬರೆದಿಟ್ಟುಕೊಂಡಿದ್ದೆ.

ಕುರಕುಂಭದಲ್ಲಿ ಇಳಿದ ಕೂಡಲೇ ಮೂಗಿಗೆ ರಾಸಾಯನಿಕ ಕಾರ್ಖಾನೆಗಳ ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಗುರುಲಿಂಗಪ್ಪನವರು ಸ್ಟ್ಯಾಂಡಿಗೇ ಬಂದಿದ್ದರು. ನಲವತ್ತೈದರ ಸುಮಾರಿನ, ನಗುಮುಖದ, ಬಿಳಿ ಅಂಗಿಯ ಮನುಷ್ಯ. ಮನೆಗೆ ಕರೆದುಕೊಂಡು ಹೋದರು. ಗಾಡಿ ತೋರಿಸಿ ಎಂದೆ.

“ಗಾಡಿ ಎಲ್ಲಿ ಓಡಿ ಹೋಗ್ತದ್ರಿ? ಹೊತ್ತಾಗೇದ, ಮದ್ಲ ಕೈ ತೊಳಕೋರ್ರಿ.”

ಚರ್ಚಾಕೂಟಗಳಲ್ಲಿ ನಾನು ಕಲಿತ ಮೊದಲ ಪಾಠವೇ ಇದು: ಎದುರಾಳಿಯ ಮೊದಲ ವಾಕ್ಯವನ್ನು ಸುಮ್ಮನೆ ಒಪ್ಪಿಕೊಳ್ಳಬಾರದು, ಒಪ್ಪಿಕೊಂಡರೆ ಮಿಕ್ಕಿದ್ದನ್ನೆಲ್ಲ ಒಪ್ಪಬೇಕಾಗುತ್ತದೆ. ನಾನು ಕೈ ತೊಳೆದುಕೊಂಡೆ.

ಊಟ ಹೇಗಿತ್ತೆಂದರೆ, ಈಗಲೂ ಅದನ್ನು ಬಯ್ಯಲಾರೆ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣಗಾಯಿ, ಹೋಳಿಗೆ, ಕಟ್ಟಿನ ಸಾರು. ಹೋಳಿಗೆಯ ಮೇಲೆ ತುಪ್ಪ ಹಾಕುವಾಗ ಗುರುಲಿಂಗಪ್ಪನವರ ಹೆಂಡತಿ ಸಾಕೆಂದರೂ ಕೈ ತೆಗೆಯಲಿಲ್ಲ. ಕಾಕಾ ಅವ್ವನ ಕಥೆ ಹೇಳಿದರು. ಗಂಡ ಹೆಂಡತಿ ಇಬ್ಬರೂ ಲೊಚಗುಟ್ಟಿದರು. ಗಾಡಿಯ ಹಿಂಭಾಗದಲ್ಲಿ ಹಾಸಿಗೆ ಹಾಕಿ ಮಲಗಿಸಿಕೊಂಡು ಹೋಗುತ್ತೇವೆ ಎಂದಾಗ ಆಕೆ, ಅವರು ಯಾವ ಮಗ್ಗುಲಿಗೆ ಮಲಗುತ್ತಾರೆ ಎಂದು ಕೂಡ ಕೇಳಿದರು. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಆ ಗಾಡಿಯಲ್ಲಿ ಎಲ್ಲಿ, ಯಾರು, ಹೇಗೆ ಮಲಗುತ್ತಾರೆಂಬುದು ಆ ಮನೆಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವ ವಾದಕ್ಕೆ ಅಲ್ಲಿಗೇ ಬಾಗಿಲು ಮುಚ್ಚಿತು.

ಊಟವಾದ ಮೇಲೆ ಗಾಡಿ ನೋಡಿದೆವು. ಕಡುಹಸಿರು ಬಣ್ಣ, ತೊಳೆದು ಮಿಂಚುತ್ತಿತ್ತು. ಬಾನೆಟ್ ಮುಟ್ಟಿದರೆ ಸುಡುತ್ತಿತ್ತು. ತೋರಿಸುವ ಮುಂಚೆಯೇ ಎಂಜಿನ್ ಬಿಸಿಮಾಡಿಟ್ಟರೆ ತಣ್ಣಗಿನ ಎಂಜಿನ್ನಿನ ಹೊಗೆ ಕಾಣುವುದಿಲ್ಲ. ಅದು ನನ್ನ ಪಟ್ಟಿಯ ಮೂರನೇ ಅಂಶ. ಕೇಳಿದರೆ, ಬಿಸಿಲು ಎಂದರು. ಮೇ ತಿಂಗಳಲ್ಲಿ ಬಿಸಿಲನ್ನು ಅಲ್ಲಗಳೆಯುವುದು ಹೇಗೆ? ಹದಿನೇಳನೆಯ ಅಂಶ, ಒಳಗಿನ ಮ್ಯಾಟ್ ಎತ್ತಿ ತಳ ನೋಡುವುದು. ಹಿಂಬಾಗಿಲು ತೆಗೆದೆ. ದಪ್ಪ ಹೊಸ ಮ್ಯಾಟ್ ಹಾಸಿತ್ತು. ಅಂಚಿಗೆ ಬೆರಳು ಹಾಕಿದೆ. ಕಾಕಾ ಪಕ್ಕಕ್ಕೆ ಬಂದು, “ಉಂಡ ಮನಿ ಗಳಾ ಎಣಸ್ತೀ ಏನವಾ?” ಎಂದರು, ಮೆಲ್ಲಗೆ.

ಕಾಕಾ ತಡೆದರು, ಅದಕ್ಕೇ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಕಾಕಾನ ಮಾತನ್ನು ನಾನು ದಿನಕ್ಕೆ ಹತ್ತು ಸಲ ಮೀರುತ್ತೇನೆ. ಅಷ್ಟರಲ್ಲಿ ಆ ಮನೆಯಾಕೆ ಕುಂಕುಮದ ಬಟ್ಟಲು ಹಿಡಿದು ಬಂದರು. ನನ್ನ ಹಣೆಗೆ ಹಚ್ಚಿ, ಗುಳೇದಗುಡ್ಡದ ಖಣ ಮತ್ತು ತೆಂಗಿನಕಾಯಿ ಕೊಟ್ಟರು. ಅದನ್ನು ಎರಡೂ ಕೈಯಿಂದ ತೆಗೆದುಕೊಳ್ಳಬೇಕು. ತೆಗೆದುಕೊಂಡೆ. ಮತ್ತೆ ಆ ಮ್ಯಾಟಿನ ಅಂಚಿಗೆ ನನ್ನ ಬೆರಳು ಹೋಗಲಿಲ್ಲ. ಬಾಯಲ್ಲಿ ಇನ್ನೂ ಹೋಳಿಗೆಯ ರುಚಿ ಇತ್ತು. ನಲವತ್ತೊಂದು ಅಂಶಗಳಲ್ಲಿ ಮೂವತ್ತೆಂಟನ್ನು ನಾನು ನೋಡಲೇ ಇಲ್ಲ. ವ್ಯವಹಾರ ಮುಗಿಯಿತು, ಕಾಗದಕ್ಕೆ ಸಹಿ ಬಿತ್ತು.

ಮೂರು ಗಂಟೆಗೆ ಹೊರಟೆವು. ನೇರ ಹೆದ್ದಾರಿ ಹಿಡಿದಿದ್ದರೆ ಎರಡೂವರೆ ತಾಸಿನಲ್ಲಿ ಮನೆ. ಆದರೆ ಹೊಸದಾಗಿ ಬಂದ ಗಾಡಿಯನ್ನು ಮೊದಲು ಮನೆದೇವರಿಗೆ ತೋರಿಸಬೇಕಂತೆ. ನಮ್ಮ ಮೈಲಾರಲಿಂಗ ಈ ಸೀಮೆಯಲ್ಲಿ ಜೇಜುರಿಯ ಗುಡ್ಡದ ಮೇಲಿದ್ದಾನೆ. ಚೌಫುಲಾದಲ್ಲಿ ಎಡಕ್ಕೆ ತಿರುಗಿ ಮೋರಗಾಂವ ದಾರಿ ಹಿಡಿದೆವು. ಗಾಡಿ ಎಳೆಯುತ್ತಿತ್ತು, ಅದನ್ನು ಒಪ್ಪಬೇಕು. ಎಕ್ಸಲರೇಟರ್ ಒತ್ತಿದ ಮೇಲೆ ಒಂದು ಕ್ಷಣ ಯೋಚಿಸಿ, ಸಿಳ್ಳೆ ಹಾಕುತ್ತ ಮುಂದಕ್ಕೆ ನುಗ್ಗುತ್ತಿತ್ತು. ಆ ಸಿಳ್ಳೆಯೇ ಟರ್ಬೊ. ಹೊಗೆಯ ರಭಸದಿಂದ ತಿರುಗುವ ಒಂದು ಚಕ್ರ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ.

ಮೋರಗಾಂವದಲ್ಲಿ ಚಹಾಕ್ಕೆ ನಿಂತಾಗ ಕಾಕಾ ಬ್ರೇಕ್ ಹಾಕಿದ ಮರುಗಳಿಗೆಯೇ ಎಂಜಿನ್ ಬಂದ್ ಮಾಡಿದರು. ಇದು ಅವರ ಹಳೆಯ ಚಾಳಿ. ಅಂಗಡಿಯ ಟೆಂಪೊವನ್ನು ಸಿಗ್ನಲಿನಲ್ಲೂ ಬಂದ್ ಮಾಡುತ್ತಿದ್ದರು, ಇಳಿಜಾರಿನಲ್ಲೂ ಬಂದ್ ಮಾಡುತ್ತಿದ್ದರು. ನಾನು ಗಾಡಿಯ ಜೊತೆ ಬಂದ ಕೈಪಿಡಿ ತೆಗೆದು ಗಟ್ಟಿಯಾಗಿ ಓದಿದೆ: ಟರ್ಬೊ ತಿರುಗುವುದು ಎಂಜಿನ್ ಕಳಿಸುವ ಎಣ್ಣೆಯ ಮೇಲೆ, ಓಡಿ ಬಂದ ಗಾಡಿಯನ್ನು ಒಂದೆರಡು ನಿಮಿಷ ಚಾಲೂ ಇಟ್ಟೇ ಬಂದ್ ಮಾಡಬೇಕು, ಇಲ್ಲದಿದ್ದರೆ ಆ ಚಕ್ರ ಎಣ್ಣೆಯಿಲ್ಲದೆ ಒಣಗಿ ತಿರುಗುತ್ತದೆ.

“ನಿಂತಲ್ಲೆ ಡೀಸೆಲ್ ಸುಡು ಅಂತದೇನು ನಿನ್ನ ಪುಸ್ತಕ?” ಎಂದರು ಕಾಕಾ. “ಬರದಾವ ಡೀಸೆಲ್ ಅಂಗಡಿಯವನ ಇರಬೇಕು.”

ಜೇಜುರಿಯಲ್ಲಿ ಗಾಡಿಗೆ ಅರಿಶಿನದ ಭಂಡಾರ ಹಚ್ಚಿದರು. ಅಲ್ಲೂ ಹಾಗೆಯೇ ಗಪ್ಪನೆ ಬಂದ್. ಅಲ್ಲಿಂದ ಹೊರಟಾಗ ನನಗೆ ತಲೆ ಸಿಡಿಯುತ್ತಿತ್ತು, ಕಾಕಾನಿಗೆ ಹೊಟ್ಟೆ ತೊಳಸುತ್ತಿತ್ತು. ಬಿಸಿಲಿನದು ಎಂದುಕೊಂಡು ಕಿಟಕಿ ತೆರೆದೆವು. ಸಾಸವಡ ಇನ್ನೂ ನಾಲ್ಕೈದು ಕಿಲೋಮೀಟರಿದೆ ಎನ್ನುವಾಗ ಸಿಳ್ಳೆ ಕಿರುಚಾಟವಾಯಿತು, ಆಮೇಲೆ ನಿಂತೇಹೋಯಿತು. ಹಿಂದೆ ನೀಲಿ ಹೊಗೆ. ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ ನಕ್ಕು ಹೋದ.

ತೆವಳುತ್ತ ಸಾಸವಡದ ಅಂಚಿಗೆ ಬಂದು ಸಿಕ್ಕ ಮೊದಲ ಗ್ಯಾರೇಜಿಗೆ ಹೊಕ್ಕೆವು. ತಗಡಿನ ಛಾವಣಿ, ಬೇವಿನ ಮರ, ಜಗತಾಪ ಮಿಸ್ತ್ರಿ. ಅರವತ್ತರ ಆ ಮನುಷ್ಯ ಮರಾಠಿಯಲ್ಲಿ ಮೊದಲು ಕೇಳಿದ್ದು ಗಾಡಿಗೆ ಏನಾಗಿದೆ ಎಂದಲ್ಲ, ಗಾಡಿ ಯಾತಕ್ಕೆ ತಂದಿರಿ ಎಂದು. ಹೇಳಿದೆವು. ಟರ್ಬೊ ನೋಡುವ ಮೊದಲೇ ಅವರು ಹಿಂಬಾಗಿಲು ತೆಗೆದು ಮ್ಯಾಟನ್ನು ಒಂದೇ ಏಟಿಗೆ ಎಳೆದು ಹೊರಗೆ ಎಸೆದರು. ಅವರು ಯಾರ ಮನೆಯಲ್ಲೂ ಉಂಡಿರಲಿಲ್ಲ.

ತಳ ಇರಲಿಲ್ಲ. ತೂತುಗಳ ಸುತ್ತ ಬಿಳಿ ಪುಡಿ ಗಟ್ಟಿಯಾಗಿ ಹತ್ತಿತ್ತು. ತೂತುಗಳಲ್ಲಿ ಗ್ಯಾರೇಜಿನ ನೆಲ, ನೆಲದ ಮೇಲೊಂದು ಇರುವೆ ಸಾಲು ಕಾಣುತ್ತಿತ್ತು. ಕಾರ್ಖಾನೆಯ ಆಸಿಡ್ ಕ್ಯಾನುಗಳನ್ನು ವರ್ಷಗಟ್ಟಲೆ ಇದರಲ್ಲಿ ಹೊತ್ತಿದ್ದಾರೆ, ಸೋರಿ ಸೋರಿ ತಗಡು ತಿಂದಿದೆ ಎಂದರು ಮಿಸ್ತ್ರಿ. ಆಮೇಲೆ ಕೆಳಗೆ ಮಲಗಿ ನೋಡಿ ಎದ್ದರು. ಹೊಗೆಯ ಕೊಳವೆಯ ಜೋಡಣೆ ಸರಿಯಾಗಿ ಆ ತೂತುಗಳ ಕೆಳಗೇ ಒಡೆದಿತ್ತು, ಹೊಗೆ ನೇರ ಗಾಡಿಯೊಳಗೆ ಏರುತ್ತಿತ್ತು. ನಮ್ಮ ತಲೆನೋವು ಬಿಸಿಲಿನದಾಗಿರಲಿಲ್ಲ. ಕಿಟಕಿ ಮುಚ್ಚಿ ಐದು ತಾಸು ಇಲ್ಲಿ ಯಾರಾದರೂ ಮಲಗಿ ಹೋದರೆ ಏನಾಗುತ್ತದೆ ಎಂದು ಕೇಳಿದೆ.

“ತ್ಯಾ ಕಾಹೀ ಬೋಲಣಾರ್ ನಾಹೀತ್, ತಾಈ,” ಎಂದರು. “ಝೋಪೂನ್ ಜಾತೀಲ್.”

ಅವರು ಏನೂ ಹೇಳುವುದಿಲ್ಲ, ನಿದ್ದೆ ಹೋಗುತ್ತಾರೆ.

ಕಾಕಾ ಅಲ್ಲೇ ಟೈರಿನ ಮೇಲೆ ಕೂತರು. ನಾನು ಎದುರಿನ ಎಸ್‌ಟಿಡಿ ಬೂತಿಗೆ ಹೋಗಿ ಕುರಕುಂಭಕ್ಕೆ ಫೋನ್ ಮಾಡಿದೆ. ಗುರುಲಿಂಗಪ್ಪನವರು ಪ್ರೀತಿಯಿಂದ ಕೇಳಿದರು, ಮನೆ ಮುಟ್ಟಿದಿರಾ, ಅವ್ವ ಗಾಡಿ ನೋಡಿದರಾ. ತಳದ ವಿಷಯ ಹೇಳಿದೆ. ಕಾನೂನಿನ ಕಲಮು, ಮೋಸ, ಮುಚ್ಚಿಟ್ಟ ದೋಷ, ಎಲ್ಲವನ್ನೂ ಸಾಲಾಗಿ ಜೋಡಿಸಿಕೊಂಡೇ ಬಂದಿದ್ದೆ. ಆತ ಎಲ್ಲ ಕೇಳಿಸಿಕೊಂಡು, ಸ್ವರ ಒಂದಿಷ್ಟೂ ಏರಿಸದೆ ಹೇಳಿದರು:

“ನಾ ಒಂದರ ಸುಳ್ಳು ಹೇಳೀನೇನ್ರಿ? ಮ್ಯಾಟ್ ಎತ್ತಬ್ಯಾಡ್ರಿ ಅಂತ ನಾ ಅಂದೆನೇನು? ನೀವ ಬಿಟ್ರಿ.”

ಇದಕ್ಕೆ ಉತ್ತರವಿದೆ. ಮಲಗುವ ಜೀವದ ಸುದ್ದಿ ಕೇಳಿಯೂ ಸುಮ್ಮನಿದ್ದವನು ಸುಳ್ಳು ಹೇಳಿದವನಿಗಿಂತ ಕೆಟ್ಟವನು. ಸುಳ್ಳನ್ನು ಹಿಡಿಯಬಹುದು, ಬಡಿಸಿದ ತಟ್ಟೆಯನ್ನು ಹಿಡಿಯುವುದು ಹೇಗೆ? ಈಗ ಬರೆಯುವಾಗ ಸರಾಗವಾಗಿ ಬರುತ್ತಿದೆ. ಆಗ ಬೂತಿನಲ್ಲಿ ನಾನು ಮೀಟರಿನ ಅಂಕಿ ಏರುವುದನ್ನು ನೋಡುತ್ತಿದ್ದೆ. “ಸಾವಕಾಶ ಹೋಗ್ರಿ” ಎಂದು ಆತ ಫೋನ್ ಇಟ್ಟರು. ನಾನು ಹನ್ನೊಂದು ರೂಪಾಯಿ ಕೊಟ್ಟು ಹೊರಗೆ ಬಂದೆ.

ತಿರುಗಿ ಹೋಗಿ ಗಾಡಿ ಅವರ ಅಂಗಳದಲ್ಲಿ ಬಿಟ್ಟು ಬರೋಣ ಎಂದರೆ ಕಾಕಾ ತಲೆ ಎತ್ತಲಿಲ್ಲ. ಉಂಡಿದ್ದೇವೆ, ಖಣ ತೊಗೊಂಡಿದ್ದೇವೆ, ಯಾವ ಮುಖ ಹೊತ್ತು ಹೋಗುವುದು ಎಂದರು. ನಾನು ರಸ್ತೆಯಲ್ಲೇ ಕೂಗಾಡಿದೆ. ಮುಖ ಅಡಗಿಸಬೇಕಾದವರು ಅವರೋ ನಾವೋ? ಮೋಸ ಹೋದವರಿಗೆ ನಾಚಿಕೆ, ಮೋಸ ಮಾಡಿದವನಿಗೆ ಸುಖನಿದ್ದೆ, ಇದಕ್ಕೆ ನಾವು ಮರ್ಯಾದೆ ಎಂದು ಹೆಸರಿಟ್ಟಿದ್ದೇವೆ. ರಾತ್ರಿಗೆ ಕಾಕಾ ಸಾಸವಡದಲ್ಲೇ ಒಂದು ಲಾಡ್ಜ್ ಹಿಡಿದರು. ಬೆಳಿಗ್ಗೆ ಎದ್ದು ನೋಡಿದರೆ ಲಾಡ್ಜಿನ ಕೋಣೆಯಲ್ಲಿ ಅವರಿರಲಿಲ್ಲ. ಮೊದಲ ಬಸ್ಸಿಗೆ ಹಳೇ ಸಾಮಾನು ಸಿಗುವ ಪುಣೆಯ ಜುನಾ ಬಜಾರಿಗೆ ಹೋಗಿದ್ದರು, ಟರ್ಬೊದ ಒಳಭಾಗ ಹುಡುಕಲು. ಮಧ್ಯಾಹ್ನ ಒಂದಕ್ಕೆ ಅರಿವೆಯಲ್ಲಿ ಸುತ್ತಿ ಎದೆಗವಚಿಕೊಂಡು ತಂದರು.

ಮೂರು ದಿನ ಕೆಲಸ ನಡೆಯಿತು. ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಹೊಸ ದಪ್ಪ ತಗಡು ಬೆಸೆದು, ಕೆಂಪು ಆಕ್ಸೈಡ್ ಎರಡು ಸಲ ಬಳಿದರು. ಹೊಗೆಯ ಕೊಳವೆ ಹೊಸದು ಹಾಕಿದರು. ಟರ್ಬೊ ಬಿಚ್ಚಿದಾಗ ಚಕ್ರದ ದಂಡ ಸುಟ್ಟು ನೀಲಿಯಾಗಿತ್ತು. ಇದು ಒಂದು ದಿನದ ಕೆಲಸವಲ್ಲ, ಗಪ್ಪನೆ ಬಂದ್ ಮಾಡುವವರ ಕೈಯಲ್ಲಿ ವರ್ಷಗಟ್ಟಲೆ ಇದ್ದ ಗಾಡಿ ಎಂದರು ಮಿಸ್ತ್ರಿ. ಕಡೆಯ ಎರಡು ಸಲ ಬಂದ್ ಮಾಡಿದವರು ಯಾರೆಂದು ನಾನು ಹೇಳಲಿಲ್ಲ. ಅದೊಂದು ವಾದವನ್ನು ಬಿಟ್ಟುಕೊಟ್ಟೆ. ಮಧ್ಯಾಹ್ನ ಕಡಲೆಹಿಟ್ಟಿನ ಪಿಠಲಾ, ಭಾಕರಿ ರೊಟ್ಟಿ, ರಾತ್ರಿ ಮತ್ತೆ ಅದೇ. ಬೆಸುಗೆಯ ಪ್ರತಿ ಸಾಲನ್ನೂ ನಾನು ಬೆರಳಿನಿಂದ ಮುಟ್ಟಿ ನೋಡಿದೆ; ಮಿಸ್ತ್ರಿಗೆ ಅದರಿಂದ ಬೇಸರವಾಗಲಿಲ್ಲ, ಟಾರ್ಚ್ ಹಿಡಿದುಕೊಂಡು ಜೊತೆಗೆ ನಿಂತರು. ಕೊನೆಗೆ ಹಿಂದೆ ಒಬ್ಬರೇ ಮಲಗಿ, ಕಿಟಕಿ ಮುಚ್ಚಿಸಿ, ಅರ್ಧ ತಾಸು ಎಂಜಿನ್ ಚಾಲೂ ಇರಿಸಿ, ಬೆವರು ಸುರಿಸುತ್ತ ಎದ್ದು ಬಂದು, ಈಗ ಒಯ್ಯಿರಿ ಎಂದರು.

ಐದನೆಯ ದಿನ ದಿವೆ ಘಾಟ ಇಳಿದೆವು. ಕಾಕಾ ಎರಡನೇ ಗೇರಿನಲ್ಲಿ, ಎಂಜಿನ್ ಬಂದ್ ಮಾಡದೆ ಇಳಿಸಿದರು. ನಿಗಡಿಯ ನಮ್ಮ ಕಟ್ಟಡದ ಕೆಳಗೆ ಗಾಡಿ ನಿಲ್ಲಿಸಿ ಕೈಗಡಿಯಾರ ನೋಡುತ್ತ ಎರಡು ನಿಮಿಷ ಹಾಗೇ ಕೂತರು. ಗ್ಯಾಲರಿಯಿಂದ ನೋಡುತ್ತಿದ್ದ ನೆರೆಯವರೊಬ್ಬರು, ಬಂದ್ ಮಾಡಲು ಬರುವುದಿಲ್ಲವೇನು ಎಂದು ಮರಾಠಿಯಲ್ಲಿ ಕೇಳಿದರು.

ಅವ್ವ ಗೋಡೆ ಹಿಡಿದು ಇಳಿದು ಬಂದಳು. ಕಾಕಾ ಗಾಡಿ ಸ್ವಲ್ಪ ಕೆಟ್ಟಿತ್ತು ಎಂದಷ್ಟೇ ಹೇಳಿ ಮುಗಿಸುವವರಿದ್ದರು. ನಾನು ಎಲ್ಲ ಹೇಳಿದೆ, ನಾನು ಮ್ಯಾಟ್ ಎತ್ತದೆ ಬಿಟ್ಟದ್ದನ್ನೂ. ಅವಳು ಹಿಂದೆ ಹತ್ತಿ, ನಾನು ಹಾಸಿಕೊಟ್ಟ ಹಾಸಿಗೆಯ ಮೇಲೆ ಬೆನ್ನು ಚಾಚಿ, ಸ್ವಲ್ಪ ಹೊತ್ತು ಛಾವಣಿ ನೋಡಿದಳು. ಬೆನ್ನಿಗೆ ಹೇಗಿದೆ ಎಂದೆ. ಛಲೋ ಅದ ಎಂದಳು. ಆಮೇಲೆ ಸೋಲಾಪುರದ ದಾರಿಯಲ್ಲಿ ಕುರಕುಂಭ ಬರುತ್ತದೆಯೇ ಎಂದು ಕೇಳಿದಳು. ದಾರಿಯಲ್ಲೇ ಬರುತ್ತದೆ ಎಂದೆ.

“ಹಂಗಾರ ಅವರ ಮನಿ ಮುಂದ ಗಾಡಿ ನಿಂದರಸ್ರಿ. ಮಾತಾಡೂದದ.”

“ಬ್ಯಾಡ್ರಿ ವೈನಿ,” ಎಂದರು ಕಾಕಾ. “ಅವರ ಮನ್ಯಾಗ ಉಂಡೇವಿ.”

“ನೀವು ಉಂಡೀರಿ. ನಾ ಉಂಡಿಲ್ಲಲ್ಲ,” ಎಂದಳು ಅವ್ವ ಮಲಗಿದಲ್ಲಿಂದಲೇ. ನನ್ನ ಕಡೆ ತಿರುಗಿ, “ನಸಕಿನ್ಯಾಗ ಬಿಡೂಣು. ಊಟದ ಹೊತ್ತಿಗಿಂತ ಮದ್ಲ ಮುಟ್ಟಬೇಕು” ಎಂದಳು.