ಪ್ರೊಸೆಸರಿಗೆ ಹಚ್ಚಿದ ವಿಭೂತಿ

ನೀನು ಜೋಡಿಸಿಕೊಟ್ಟ ಕಂಪ್ಯೂಟರನ್ನು ಕೆಡಿಸಿದವನು ನಾನು, ಸುಧಾ. ಕೆಡಿಸಿದ್ದಷ್ಟೇ ಅಲ್ಲ — ಅದು ಗೊತ್ತಾದ ಮೇಲೂ ಅಪವಾದ ನಿನ್ನ ತಲೆಯ ಮೇಲೆ ಇರಲಿ ಎಂದು ಸುಮ್ಮನಿದ್ದೆ. ಇಷ್ಟು ವರ್ಷ.

ಬರೆಯಲು ಕೂತದ್ದು ನೋಡಿ ನಿನ್ನ ಅಕ್ಕ, "ಈಗ್ಯಾಕ್ರೀ ಅದನ್ನ ಕೆದಕ್ತೀರ? ಎಲ್ರೂ ಮರ್ತಾಗೇತಿ" ಅಂದಳು. ಮರೆತಿರಬಹುದು. ನಾನು ಕೆದಕುತ್ತೇನೆ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ತಿರುಗಿ ಬರುವ ಮನುಷ್ಯ ನಾನು. ಒಂದು ಸಲವಾದರೂ ಹೆದರದೆ ಏನಾದರೂ ಮಾಡಬೇಡವೇ?

ಶಿಕಾರಿಪುರದ ನನ್ನ ಬೀಜ-ಗೊಬ್ಬರದ ಅಂಗಡಿಯಲ್ಲಿ ರಟ್ಟು ಹಾಸಿ, ಬಿಡಿಭಾಗಗಳನ್ನು ಹರವಿಕೊಂಡು ಕೂತಿದ್ದವಳು ನೀನು. ಈ ಮಿಷನ್ನು ಚೆನ್ನಾಗಿ ನಡೆದರೆ ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ನಿನಗೊಂದು ಕಂಪ್ಯೂಟರ್ ಅಂಗಡಿ ಹಾಕಿಕೊಡಲು ನಿಮ್ಮಪ್ಪ ಅರೆಮನಸ್ಸಿನಿಂದ ಒಪ್ಪಿದ್ದರು. ಮದರ್‌ಬೋರ್ಡ್ ತೋರಿಸಿ, "ಇದು ಗದ್ದೆ ಭಾವ, ಉಳಿದಿದ್ದೆಲ್ಲ ಇದ್ರಲ್ಲಿ ನಾಟಿ" ಎಂದಿದ್ದೆ ನೀನು. ರ‍್ಯಾಮ್ ಕೂರಿಸುವಾಗ ಟಕ್ ಎಂದಿತು; ಮುರಿಯಿತೆಂದು ನಾನು ಹಾರಿಬಿದ್ದೆ.

"ಅಯ್ಯೋ ಭಾವ, ಅದು ಕೂತ ಸದ್ದು! ನೀವು ಹೋಗಿ ಟೀ ಕುಡ್ಕಂಡು ಬನ್ನಿ."

ಹೋದೆ. ಪ್ರೊಸೆಸರಿನ ನೆತ್ತಿಗೆ ನೀನು ಪೇಸ್ಟ್ ಹಚ್ಚಿ, ಮೇಲೆ ಫ್ಯಾನು ಕೂರಿಸಿದ್ದನ್ನು ನೋಡಲಿಲ್ಲ.

ಆಯುಧಪೂಜೆ ಬಂತು. ತಕ್ಕಡಿ, ಬೈಕು ಎಲ್ಲಕ್ಕೂ ವಿಭೂತಿ ಹಚ್ಚಿದೆ. ಕಂಪ್ಯೂಟರಿನ ಮುಂದೆ ಚಿಂತೆ ಹತ್ತಿತು — ಹೊರಗಿನ ಡಬ್ಬಿಗೆ ಹಚ್ಚಿದರೆ ಸಾಕೇ? ದುಡಿಯುವುದು ಒಳಗಿನದಲ್ಲವೇ? ಪಕ್ಕದ ಬಾಗಿಲು ತೆಗೆದೆ, ಫ್ಯಾನು ಬಿಚ್ಚಿದೆ. ಕೆಳಗೆ ಬೂದುಬಣ್ಣದ ಲೇಪ. ಒಳ್ಳೆ ಮನೆತನದ ಹುಡುಗಿ, ವಿಭೂತಿ ಹಚ್ಚಿಯೇ ಶುರು ಮಾಡಿದ್ದಾಳೆ ಎಂದು ಎದೆ ತುಂಬಿ ಬಂತು! ಹಳೆಯದನ್ನು ಚೊಕ್ಕಟವಾಗಿ ಒರೆಸಿ ಹೊಸದು ಹಚ್ಚಿದೆ. ಅಂಚೆಚೀಟಿಯಷ್ಟು ಜಾಗ, ಮೂರು ಬೆರಳು ಹಿಡಿಸಲಿಲ್ಲ, ಒಂದರಲ್ಲೇ ಮುಗಿಸಿದೆ. ಒಣಗಿದ ಮೇಲೆ ಫ್ಯಾನು ಕೂರಿಸಿದೆ.

ಮರುದಿನದಿಂದ ಫ್ಯಾನು ಬೊಬ್ಬೆ ಹೊಡೆಯುವುದು, ಸ್ವಲ್ಪ ಹೊತ್ತಿಗೆ ಎಲ್ಲ ಆಫ್ ಆಗುವುದು. ಸೊರಬದ ನಿಮ್ಮ ಮನೆಗೆ ಬಂದಾಗ, ಊಟಕ್ಕೆ ಕೂತಲ್ಲಿ ಅಂದೆ: "ಸುಧಾ ಮಾಡ್ಕೊಟ್ಟಿದ್ದು ನಿಲ್ತಾ ಇಲ್ಲ ಮಾವ."

"ಅವಳ ಕೈಗುಣವೇ ಸರಿ ಇಲ್ಲ," ಎಂದರು ನಿಮ್ಮಪ್ಪ. "ಅಂಗಡಿ ಗಿಂಗಡಿ ಏನೂ ಬೇಡ." ನೀನು ಬಡಿಸುತ್ತಲೇ ಇದ್ದೆ.

ಆಮೇಲೆ ನಮ್ಮೂರಿನ ರಿಪೇರಿಯವನು ಬಂದು ಫ್ಯಾನು ಎತ್ತಿದ. "ಯಾರ‍್ರೀ ಇದಕ್ಕೆ ವಿಭೂತಿ ಹಚ್ಚಿದ್ದು? ಕಾವು ಫ್ಯಾನಿಗೆ ದಾಟ್ಲಿ ಅಂತ ಪೇಸ್ಟ್ ಹಚ್ಚಿರ‍್ತಾರ‍್ರೀ, ಅದನ್ನ ಒರೆಸಿ ಬೂದಿ ತುಂಬೀರಲ್ಲ!" ನಕ್ಕು ನಕ್ಕು ಗೊಬ್ಬರದ ಚೀಲದ ಮೇಲೆ ಕೂತುಬಿಟ್ಟ. ಯಾರಿಗೂ ಹೇಳಬೇಡಪ್ಪಾ ಎಂದು ಕೈಮುಗಿದೆ.

ಅವತ್ತೇ ನಿನ್ನ ಫೋನು. "ಏನಾಗಿತ್ತಂತೆ ಭಾವ?"

"ಪಾರ್ಟ್ಸೇ ಸರಿಯಾಗಿ ಕೂತಿರ್ಲಿಲ್ವಂತೆ."

"ಟಕ್ ಅಂದಿತ್ತಲ್ಲ ಭಾವ..." ಎಂದು ಫೋನಿಟ್ಟೆ ನೀನು.

ಭಕ್ತಿಯಿಂದಾದ ತಪ್ಪು ಎಂದು ಜಾರಿಕೊಳ್ಳುವುದಿಲ್ಲ. ವಿಭೂತಿ ಹಚ್ಚಿದ್ದು ದಡ್ಡತನ, ಅದಕ್ಕೆ ನಗಬಹುದು. ಫೋನಿನಲ್ಲಿ ಅಂದದ್ದು — ಅದು ದಡ್ಡತನವಲ್ಲ. ಅಳಿಯ ಪೆದ್ದ ಎಂದು ನಾಲ್ಕು ಜನ ನಗುತ್ತಾರಲ್ಲ ಎಂದು, ನಿನ್ನ ಅಂಗಡಿಯನ್ನೇ...

ಈಗ ಕುಪ್ಪಗಡ್ಡೆಯ ನಿನ್ನ ಮನೆಯಲ್ಲಿ ಮಿಕ್ಸರ್ ಕೆಟ್ಟರೂ ನೀನು ಮುಟ್ಟುವುದಿಲ್ಲವಂತೆ. "ನನ್ನ ಕೈಗುಣ ಸರಿ ಇಲ್ಲ" ಎಂದು ನಗುತ್ತೀಯಂತೆ. ಮೊನ್ನೆ ನಿನ್ನ ಅಕ್ಕ ಹೇಳಿದಳು. ಆ ಮಾತು, ನಿನ್ನ ಬಾಯಲ್ಲೇ!

ಈ ಆಯುಧಪೂಜೆಗೆ ಸೊರಬದ ಮನೆಯಲ್ಲಿ ಎಲ್ಲರೂ ಸೇರುತ್ತಾರೆ. ಅಲ್ಲೇ, ನಿಮ್ಮಪ್ಪನ ಎದುರಿಗೇ ಹೇಳುತ್ತೇನೆ. ಹಬ್ಬದ ದಿನ ಯಾಕೆ ಎಂದು ಬಾಯಿ ಮುಚ್ಚಿಸಲು ಬರುವವರು ಬರಲಿ. ಅಳಿಯನ ಮರ್ಯಾದೆ ಹೋಗುವುದಾದರೆ ಹೋಗಲಿ — ನಿನ್ನದನ್ನು ಕೊಟ್ಟು ಉಳಿಸಿಕೊಂಡದ್ದು ತಾನೇ. ಕ್ಷಮಿಸು ಎನ್ನುವುದಿಲ್ಲ, ಕ್ಷಮಿಸಿದರೆ ನನಗೆ ನಿದ್ದೆ ಬಂದೀತು, ನಿನಗೇನು ಸಿಕ್ಕೀತು?

ನಿಮ್ಮಪ್ಪ ಮತ್ತೆ ಕೈಗುಣದ ಮಾತೆತ್ತಿದರೆ ನನ್ನ ಕೈಯನ್ನು ಅವರ ಮುಂದೆ ಚಾಚುತ್ತೇನೆ. ನೋಡಿ ಮಾವ. ಈ ಕೈ.